ಪ್ರೇಮಿಗಳ ದಿನ ಯಾರದು? ಔರಾದ್‌ನಿಂದ ಬಂದ ಪ್ರಶ್ನೆ

ಭಾಲ್ಕಿಯಿಂದ ಬೀದರ್‌ಗೆ ಕಾಲೇಜಿಗೆ ಹೊಂಟು ಬಸ್‌ನಾಗ ಇಯರ್‌ಫೋನ್ ಹಾಕ್ಕೊಂಡು ಕೂತವರೂ ಕೇಳ್ರಿ. ಔರಾದ್ ಕಡೆಯ ಕೇಳುಗರೊಬ್ಬರು ವಾಟ್ಸ್‌ಆ್ಯಪ್‌ನಾಗ ಕೇಳ್ಯಾರ: ‘ಪ್ರೇಮಿಗಳ ದಿನ ನಮ್ಮದಲ್ಲ ಅಂತಾರಲ್ಲ, ಹಂಗಾದ್ರ ಯಾರದು? ಆಚರಿಸೋದು ಹೆಂಗ?’

ವ್ಯಾಲೆಂಟೈನ್ ಮೂರನೇ ಶತಮಾನದ ರೋಮ್‌ನ ಕ್ರೈಸ್ತ ಹುತಾತ್ಮ. ಆ ಹೆಸರಿನವರು ಒಬ್ಬರೋ ಇಬ್ಬರೋ ಅನ್ನೋದೇ ಗೊಂದಲ. ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದರು ಅನ್ನೋದು ಆಮೇಲೆ ಹುಟ್ಟಿದ ಕಥೆ. ಅವರ ದಿನಕ್ಕೆ ಪ್ರೇಮದ ನಂಟು ಅಂಟಿಸಿದ್ದು 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್: ಅವತ್ತು ಹಕ್ಕಿಗಳು ಜೋಡಿ ಆರಿಸಿಕೊಳ್ಳುತ್ತವೆ ಎಂದು ಬರೆದ. 1969ರಲ್ಲಿ ಕ್ಯಾಥೊಲಿಕ್ ಚರ್ಚೇ ಈ ಹಬ್ಬವನ್ನು ತನ್ನ ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ಅಂಗಡಿಯವರು ಬಿಡಲಿಲ್ಲ, ಅಷ್ಟೇ.

ಈಗ ನಮ್ಮ ಜಿಲ್ಲೆಗೆ ಬರ್ರಿ. 12ನೇ ಶತಮಾನ, ಬಸವಕಲ್ಯಾಣ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾದ ಕಥೆ ನಿಮಗೆ ಗೊತ್ತೇ ಇರ್ತದ. ಆದರೆ ಅಲ್ಲಿ ಹುಡುಗ–ಹುಡುಗಿ ಓಡಿ ಹೋಗಿರಲಿಲ್ಲ. ಶರಣರಾದ ಇಬ್ಬರು ಅಪ್ಪಂದಿರೇ ಮುಂದೆ ನಿಂತು ಮಾಡಿದ ಮದುವೆ ಅದು. ಘೋರ ಶಿಕ್ಷೆ ಆಗಿದ್ದೂ ಆ ಅಪ್ಪಂದಿರಿಗೇ. ಬಿಜ್ಜಳನ ಆಜ್ಞೆಯಂತೆ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎನ್ನುತ್ತದೆ ಪರಂಪರೆ. ಫೆಬ್ರವರಿ 14 ಬಂದ್ರ ನನಗೆ ವ್ಯಾಲೆಂಟೈನ್‌ಗಿಂತ ಮೊದಲು ಇವರಿಬ್ಬರೇ ನೆನಪಾಗ್ತಾರ. ಯಾಕಂದ್ರ ಇವತ್ತೂ ನಮ್ಮ ಹುಡುಗರು ಮನೆಯಾಗ ಬಾಯಿ ಬಿಡದೇ ಇರೋದು ಅಪ್ಪನ ಸಿಟ್ಟಿಗೆ ಹೆದರಿ ಮಾತ್ರ ಅಲ್ಲ. ನಾಳೆ ಅಪ್ಪ ಓಣ್ಯಾಗ ಹೆಂಗ ಮುಖ ತೋರಿಸ್ತಾನ ಅನ್ನೋ ಚಿಂತೆಗೂ.

ಆಚರಣೆ ಅಂದ್ರ ದೊಡ್ಡ ಖರ್ಚೇನೂ ಬೇಡ. ಬೀದರ್ ಕೋಟೆಯ ರಂಗೀನ್ ಮಹಲ್‌ನಾಗ ಕಪ್ಪು ಕಲ್ಲಿನೊಳಗ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ನೋಡ್ರಿ. ಗೋಡೆ ಮೇಲೆ ಹೆಸರು ಮಾತ್ರ ಕೆತ್ತಬ್ಯಾಡ್ರಿ, ಕೈ ಮುಗಿತೀನಿ. ಟೆಡ್ಡಿ ಬೇರ್ ಬದಲು ಒಂದು ಸಣ್ಣ ಬಿದರಿ ಸಾಮಾನು ಕೊಡ್ರಿ. ಸತು–ತಾಮ್ರದ ಮೇಲೆ ಬೆಳ್ಳಿ ತಂತಿ ಕೂಡಿಸಿ, ಕೋಟೆ ಮಣ್ಣಿನಿಂದ ಕಪ್ಪು ಮಾಡಿದ ನಮ್ಮೂರ ಕೈಕೆಲಸ ಅದು. ಜೊತೆಗಿನ ಫೋಟೊ ಸ್ಟೇಟಸ್‌ಗೆ ಹಾಕೋ ಮೊದಲು ಅವರನ್ನು ಕೇಳ್ರಿ. ಯಾರಾದ್ರೂ ಅಡ್ಡಗಟ್ಟಿ ವಿಡಿಯೊ ಮಾಡಿದ್ರ ಜಗಳಕ್ಕಿಳಿಯದೆ 112ಕ್ಕೆ ಫೋನ್ ಹಚ್ರಿ.

ಮದುವೆ ತನಕ ಯೋಚಿಸಿದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಅದ. ಜಾತಿ, ಧರ್ಮ ಬೇರೆ ಇದ್ರೂ ನಡೀತದ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು, ಮೂವರು ಸಾಕ್ಷಿ ಬೇಕು, 30 ದಿನದ ನೋಟಿಸ್ ಇರ್ತದ. ಆ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ, ಸುದ್ದಿ ಮನೆಗೆ ಮುಟ್ಟೇ ಮುಟ್ತದ. ಅದಕ್ಕ ಜೀವಕ್ಕೆ ಭಯ ಇಲ್ಲದಿದ್ರ ಮೊದಲು ನೀವೇ ಹೇಳ್ರಿ. ಬೆದರಿಕೆ ಇದ್ರ ಎಸ್‌ಪಿ ಕಚೇರಿಗೆ ಹೋಗ್ರಿ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕು, ಜಿಲ್ಲೆಗೊಂದು ವಿಶೇಷ ಘಟಕ ಇರಬೇಕು ಅಂತ 2018ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.