ನಾಣ್ಯ ಯಾರದು, ರಸೀದಿ ಯಾರದು?



ಅಕ್ಷಯ ತದಿಗೆಯು ಮೂಲತಃ ದಾನದ ದಿನ. ಭಗವಾನ್ ಋಷಭದೇವರು ದೀರ್ಘ ಉಪವಾಸದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಂದ ಕಬ್ಬಿನ ರಸವನ್ನು ಆಹಾರವಾಗಿ ಸ್ವೀಕರಿಸಿದ ದಿನ. ಅದು ಚಿನ್ನದಂಗಡಿಯ ಮುಂದೆ ಸಾಲುಗಟ್ಟುವ ದಿನವಾದದ್ದು ವ್ಯಾಪಾರಿಗಳ ಜಾಣ್ಮೆ. ಆ ವ್ಯಾಪಾರಿಗಳಲ್ಲಿ ಸಮಾಜದವರೂ ಸಾಕಷ್ಟಿದ್ದಾರೆ ಎಂಬುದು ಬೇರೆ ಮಾತು. ಸಾಲಿನಲ್ಲಿ ನಿಂತ ಅನೇಕರು ಮಗಳ ಮದುವೆಗೆಂದು ನಾಣ್ಯ ಕೂಡಿಡುವವರು.

ಒಡವೆಗಿಂತ ನಾಣ್ಯ ಲೇಸೆಂಬುದು ಅರ್ಧ ಸತ್ಯ. ಹರಳಿನ ತೂಕದ ತಕರಾರು ಅದರಲ್ಲಿಲ್ಲ, ನಿಜ. ಆದರೆ ಒಂದು ಲಕ್ಷ ರೂಪಾಯಿ ಬೆಲೆಯ ಚಿನ್ನಕ್ಕೆ ಅಂಗಡಿಯವನು ಶೇ. 5ರಷ್ಟು ತಯಾರಿಕಾ ವೆಚ್ಚ ಸೇರಿಸಿದನೆಂದು ಇಟ್ಟುಕೊಳ್ಳಿ. ಮೇಲೆ ಶೇ. 3ರ ಜಿಎಸ್‌ಟಿ ಕೂಡಿ 1,08,150 ರೂಪಾಯಿ ಆಗುತ್ತದೆ. ಅದೇ ದಿನ ಮಾರಹೋದರೆ, ಶೇ. 2ರಷ್ಟು ಮುರಿದುಕೊಂಡರೂ ಕೈಗೆ ಬರುವುದು 98,000. ದರ ಶೇ. 10ಕ್ಕಿಂತ ಹೆಚ್ಚು ಏರಿದ ಮೇಲಷ್ಟೇ ಅಸಲು ಹುಟ್ಟುತ್ತದೆ. ಬ್ಯಾಂಕುಗಳಂತೂ ತಾವು ಮಾರಿದ ನಾಣ್ಯವನ್ನು ಮರಳಿ ಕೊಳ್ಳುವುದೇ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ರಸೀದಿಯದು. ತವರಿನವರು ಕೊಟ್ಟ ನಾಣ್ಯದ ರಸೀದಿ ಸಾಮಾನ್ಯವಾಗಿ ತಂದೆಯ ಹೆಸರಿನಲ್ಲಿರುತ್ತದೆ. ನಾಣ್ಯ ಮಾವನ ಲಾಕರ್ ಸೇರುತ್ತದೆ. ಹೆಣ್ಣುಮಗಳ ಬಳಿ ಉಳಿಯುವುದು ನೆನಪು ಮಾತ್ರ. ಸ್ತ್ರೀಧನವು ಆಕೆಯ ಪೂರ್ಣ ಸ್ವತ್ತೆಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಆದರೆ ಗಂಡ ತೀರಿಕೊಂಡಾಗ ಅಥವಾ ಸಂಬಂಧ ಮುರಿದಾಗ ನ್ಯಾಯಾಲಯ ಕೇಳುವುದು ಪುರಾವೆಯನ್ನು. ಒಡವೆಯನ್ನಾದರೂ ಮದುವೆಯ ಫೋಟೋದಲ್ಲಿ ತೋರಿಸಬಹುದು. ಹತ್ತು ಗ್ರಾಮಿನ ಒಂದು ನಾಣ್ಯ ಇನ್ನೊಂದರಂತೆಯೇ ಇರುತ್ತದೆ.

ತೆರಿಗೆಯ ವಿಷಯದಲ್ಲಿಯೂ ತಪ್ಪು ತಿಳಿವಳಿಕೆಯಿದೆ. ಶೋಧನೆಯ ವೇಳೆ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂ ಚಿನ್ನವನ್ನು ಮುಟ್ಟುವುದಿಲ್ಲವೆಂದು ಅನೇಕರು ನಿಶ್ಚಿಂತರಾಗಿದ್ದಾರೆ. 1994ರ ಆ ಸೂಚನೆ ಆಭರಣಗಳನ್ನು ಕುರಿತದ್ದು, ನಾಣ್ಯ ಗಟ್ಟಿಗಳನ್ನಲ್ಲ. ಇನ್ನು ಉಡುಗೊರೆಯ ನಾಣ್ಯ ಮಾರಿದಾಗ ಕೊಟ್ಟವರು ಕೊಂಡ ಬೆಲೆಯೇ ಲೆಕ್ಕಕ್ಕೆ ಬರುತ್ತದೆ; ಅವರು ಇಟ್ಟುಕೊಂಡಿದ್ದ ಕಾಲವೂ ಸೇರುತ್ತದೆ. ಒಟ್ಟು 24 ತಿಂಗಳು ಮೀರಿದ್ದರೆ ಲಾಭದ ಮೇಲೆ ಶೇ. 12.5 ತೆರಿಗೆ. ಮೂಲ ರಸೀದಿಯಿಲ್ಲದೆ ಇದನ್ನೆಲ್ಲ ತೋರಿಸುವುದು ಕಷ್ಟ.

ಮದುವೆಯ ಮನೆಯಲ್ಲಿ ಕಾಗದಪತ್ರದ ಮಾತು ಅಪಶಕುನವೆನ್ನುವ ಹಿರಿಯರಿದ್ದಾರೆ. ಅಂಗಡಿಯಲ್ಲಿ ಹತ್ತು ರೂಪಾಯಿಯ ಉದ್ರಿಯನ್ನೂ ಖಾತೆಗೆ ಬರೆಯುವವರು ಅವರೇ. ಕೊಡುವುದಾದರೆ ಮಗಳ ಖಾತೆಗೆ ಹಣ ಹಾಕಿ, ಆಕೆಯ ಹೆಸರಿನಲ್ಲಿಯೇ ಕೊಳ್ಳುವುದು ಉತ್ತಮ. ಮೊದಲೇ ಕೊಂಡಿಟ್ಟದ್ದಾದರೆ ತೂಕ, 999 ಅಥವಾ 916ರ ಶುದ್ಧತೆ, ಕೊಟ್ಟ ದಿನ ನಮೂದಿಸಿದ ಉಡುಗೊರೆ ಪತ್ರಕ್ಕೆ ಇಬ್ಬರ ಸಹಿಯಾಗಲಿ. ಅದು ಮೂಲ ರಸೀದಿಯೊಂದಿಗೆ ಆಕೆಯ ಕೈಯಲ್ಲಿರಲಿ. ಲಾಕರ್ ಮನೆಯವರದ್ದೇ ಆದರೆ ಜಂಟಿಯಾಗಿ ಆಕೆಯ ಹೆಸರನ್ನೂ ಸೇರಿಸಲಿ.