ಎಷ್ಟು ಗೋಲು ಅಂತ ಕೇಳಬೇಡಿ

ಇವತ್ತು ರಾಜಕೀಯ ಬೇಡ. ಫುಟ್‌ಬಾಲ್ ಬಗ್ಗೆ ಮಾತಾಡೋಣ. ಅದರಲ್ಲೂ ಚೆಂಡಿನ ಹಿಂದೆ ಓಡೋ ಆರೇಳು ವರ್ಷದ ಮಕ್ಕಳ ಬಗ್ಗೆ.

ನಮ್ಮ ವಿಜಯನಗರವನ್ನೇ ತಗೊಳ್ಳಿ. ಭಾನುವಾರ ಬೆಳಿಗ್ಗೆ ಯಾವುದಾದರೂ ಮೈದಾನಕ್ಕೆ ಹೋಗಿ ನಿಂತ್ಕೊಳ್ಳಿ. ಒಂದು ಮೂಲೆಯಲ್ಲಿ ಕ್ರಿಕೆಟ್, ಇನ್ನೊಂದು ಮೂಲೆಯಲ್ಲಿ ಪುಟಾಣಿಗಳ ಫುಟ್‌ಬಾಲ್. ಕೆಲವರ ಬೆನ್ನ ಮೇಲೆ ಮೆಸ್ಸಿ ಹೆಸರು, ಕೆಲವರ ಬೆನ್ನ ಮೇಲೆ ಛೆಟ್ರಿ. ನೋಡೋಕೆ ಖುಷಿ. ಆದರೆ ಐದು ನಿಮಿಷ ಕಿವಿಗೊಟ್ಟು ಕೇಳಿ. "ಪಾಸ್ ಮಾಡೋ!" "ಆ ಕಡೆ ಅಲ್ಲ, ಈ ಕಡೆ!" "ಓಡೋ, ನಿದ್ದೆ ಮಾಡ್ತಿದ್ದೀಯಾ?" ಇದು ಕೋಚ್ ಧ್ವನಿ ಅಲ್ಲ ಸ್ವಾಮಿ. ಗೆರೆ ಆಚೆ ನಿಂತಿರೋ ಅಪ್ಪ ಅಮ್ಮಂದಿರ ಧ್ವನಿ. ಮಗು ಚೆಂಡು ನೋಡೋದು ಬಿಟ್ಟು ಅಪ್ಪನ ಮುಖ ನೋಡುತ್ತೆ. ಅಷ್ಟರಲ್ಲಿ ಚೆಂಡು ಹೋಗಿರುತ್ತೆ. ಅದಕ್ಕೂ ಮತ್ತೆ ಬೈಗುಳ.

ನಿಮಗೊಂದು ಪ್ರಶ್ನೆ. ಕಳೆದ ಆಟದಲ್ಲಿ ನಿಮ್ಮ ಮಗು ಎಷ್ಟು ಸಲ ಚೆಂಡು ಮುಟ್ಟಿತು? ಗೋಲು ಎಷ್ಟಾಯ್ತು ಅಂತ ಎಲ್ಲರಿಗೂ ಗೊತ್ತು. ಇದು ಗೊತ್ತಿರಲ್ಲ.

ಲೆಕ್ಕ ಸರಳ. ದೊಡ್ಡವರ ಹಾಗೆ 11 ಜನರ ತಂಡ ಕಟ್ಟಿದರೆ 22 ಮಕ್ಕಳಿಗೆ ಒಂದೇ ಚೆಂಡು. ಮೈಕೈ ಬಲಿತ ನಾಲ್ಕು ಮಕ್ಕಳ ಕಾಲಲ್ಲೇ ಅದು ತಿರುಗುತ್ತೆ. ಉಳಿದವರು ಸುಮ್ಮನೆ ಓಡ್ತಾರೆ, ನಿಲ್ತಾರೆ, ಹುಲ್ಲು ಕೀಳ್ತಾರೆ. ಇನ್ನು ಬದಲಿ ಆಟಗಾರ ಅಂತ ಹೊರಗೆ ಕೂರಿಸಿದ ಮಗುವಿನ ಪಾಡು ಕೇಳಲೇಬೇಡಿ. ಫೀಸ್ ಎಲ್ಲರದ್ದೂ ಒಂದೇ, ಆಟ ಮಾತ್ರ ನಾಲ್ಕು ಜನರದ್ದು! ಅದೇ ಮಕ್ಕಳನ್ನ ಮೂರು ಮೂರು, ನಾಲ್ಕು ನಾಲ್ಕು ಜನರ ತಂಡ ಮಾಡಿ. ಮೈದಾನ ಚಿಕ್ಕದು ಮಾಡಿ. ಚೆಂಡು ಹೆಚ್ಚು ಹಾಕಿ. ಎಲ್ಲರ ಕಾಲಿಗೂ ಚೆಂಡು ಬಂದೇ ಬರುತ್ತೆ.

ಇದು ನಾನು ಕಂಡುಹಿಡಿದಿದ್ದಲ್ಲ. ನಾಲ್ಕು ಸಲ ವಿಶ್ವಕಪ್ ಗೆದ್ದಿರೋ ಜರ್ಮನಿ 2024-25ರ ಸಾಲಿನಿಂದ ಇದನ್ನ ಕಡ್ಡಾಯ ಮಾಡಿತು. ಅಲ್ಲಿ ಚಿಕ್ಕ ಮಕ್ಕಳಿಗೆ ಇಬ್ಬಿಬ್ಬರ, ಮೂವರು ಮೂವರ ತಂಡ, ನಾಲ್ಕು ಪುಟ್ಟ ಗೋಲುಗಳು. ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೂಡ 2018ರಲ್ಲಿ ಚಿಕ್ಕ ಮಕ್ಕಳಿಗಾಗಿ ಗೋಲ್ಡನ್ ಬೇಬಿ ಲೀಗ್ ಶುರು ಮಾಡಿತು. ಅಲ್ಲೂ ಸಣ್ಣ ತಂಡ, ಸಣ್ಣ ಮೈದಾನ.

"ಸ್ಪರ್ಧೆ ಇಲ್ಲದೆ ಮಕ್ಕಳು ಗಟ್ಟಿ ಆಗಲ್ಲ ಸಾರ್" ಅಂತ ನೀವು ಹೇಳಬಹುದು. ಹಾಗಾದರೆ ನಾರ್ವೆ ನೋಡಿ. 1987ರಲ್ಲೇ ಮಕ್ಕಳ ಕ್ರೀಡೆಗೇ ಅಂತ ಪ್ರತ್ಯೇಕ ನಿಯಮ ಮಾಡಿದ ದೇಶ ಅದು. 2007ರಲ್ಲಿ ಅದನ್ನ ಪರಿಷ್ಕರಿಸಿದರು. 11 ವರ್ಷದೊಳಗಿನ ಮಕ್ಕಳಿಗೆ ಅಂಕಪಟ್ಟಿ ಇಲ್ಲ, ರ‍್ಯಾಂಕ್ ಇಲ್ಲ. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅದೇ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಪದಕ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಗೋಲು ಹೊಡೆಯೋ ಯಂತ್ರ ಅಂತ ಜಗತ್ತು ಕರೆಯೋ ಹಾಲೆಂಡ್ ಬೆಳೆದಿದ್ದು ಅಲ್ಲಿನ ಬ್ರೂನ ಅನ್ನೋ ಪುಟ್ಟ ಊರಿನ ಕ್ಲಬ್‌ನಲ್ಲಿ.

ಅಷ್ಟು ದೂರ ಯಾಕೆ? ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗಿ. ಅಲ್ಲಿ ಪೆಲೆ ಪ್ರತಿಮೆ ಇದೆ. ಅಲ್ಲಿನ ಗಲ್ಲಿಗಳಲ್ಲಿ ಆಡಿ ಬೆಳೆದವರು ರಾಜ್ಯಕ್ಕೆ, ದೇಶಕ್ಕೆ ಆಡಿದ್ದಾರೆ. ಗಲ್ಲಿ ಆಟದಲ್ಲಿ ತಂಡ ಹಂಚಿಕೊಳ್ಳೋರು ಮಕ್ಕಳೇ, ಜಗಳ ತೀರಿಸಿಕೊಳ್ಳೋರೂ ಮಕ್ಕಳೇ. ಒಂದು ಕಡೆ ತೀರಾ ಸೋಲ್ತಿದ್ದರೆ ಅವರೇ ಒಬ್ಬ ಆಟಗಾರನನ್ನ ಆ ಕಡೆ ಕಳಿಸ್ತಾರೆ. ಯಾಕೆ? ಆಟ ನಿಂತುಹೋಗಬಾರದು ಅಂತ. ದುಡ್ಡು ಕೊಟ್ಟು ಸೇರಿಸೋ ಶಿಬಿರಗಳಲ್ಲಿ ನಾವು ಕಳ್ಕೊಂಡಿದ್ದು ಈ ಬುದ್ಧಿಯನ್ನ.

ಬೇಸಿಗೆ ಶಿಬಿರಕ್ಕೆ ಫೀಸ್ ಕಟ್ಟೋ ಮೊದಲು ಮೂರೇ ಪ್ರಶ್ನೆ ಕೇಳಿ. ಎಷ್ಟು ಮಕ್ಕಳಿಗೆ ಒಂದು ಚೆಂಡು? ಎಲ್ಲ ಮಕ್ಕಳಿಗೂ ಸಮನಾಗಿ ಆಡೋಕೆ ಬಿಡ್ತೀರಾ? ಸಾಲಲ್ಲಿ ನಿಂತು ಕಾಯೋದು ಎಷ್ಟು ಹೊತ್ತು, ಆಡೋದು ಎಷ್ಟು ಹೊತ್ತು? ಉತ್ತರ ಕೊಡೋಕೆ ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ.

ನಿಮ್ಮ ಮಗು ನಾಳೆ ಛೆಟ್ರಿ ಆಗಬಹುದು, ಆಗದೇ ಇರಬಹುದು. ಆದರೆ ಹತ್ತನೇ ವಯಸ್ಸಿಗೇ ಬೂಟು ಮೂಲೆಗೆಸೆದು ಮೊಬೈಲ್ ಹಿಡಿದ ಮಗುವನ್ನ ಮತ್ತೆ ಮೈದಾನಕ್ಕೆ ಕರ್ಕೊಂಡು ಬರೋದು ಕಷ್ಟ. ಅದು ಆಟಗಾರನೂ ಆಗಲ್ಲ, ಆಟದ ಖುಷಿಯೂ ಉಳಿಯಲ್ಲ.

ಅದಕ್ಕೇ ಬರೋ ಭಾನುವಾರ ಬಾಯಿಗೆ ಬೀಗ ಹಾಕಿ, ಬೆರಳಲ್ಲಿ ಎಣಿಸಿ. ಮಗು ಎಷ್ಟು ಸಲ ಚೆಂಡು ಮುಟ್ಟಿತು, ಎಷ್ಟು ಸಲ ನಕ್ಕಿತು. ಈ ಎರಡು ಲೆಕ್ಕ ಸಾಕು.