ಇಳಿಜಾರಿನ ಲೆಕ್ಕ

ಕಡಲತೀರದ ಸೈಕಲ್ ಸವಾರರು ಹೊರಡುವ ಮೊದಲು ಗಾಳಿ ನೋಡಬೇಕು. ಚಿಕ್ಕಬಳ್ಳಾಪುರದ ನಾವು ನೋಡಬೇಕಾದದ್ದು ಏರು. ನಮಗೆ ಕಡಲಿನ ನಂಟೆಂದರೆ, ಗೌರಿಬಿದನೂರು ಹಾದು ನೆಲ್ಲೂರಿನಾಚೆ ಬಂಗಾಳ ಕೊಲ್ಲಿ ಸೇರುವ ಉತ್ತರ ಪಿನಾಕಿನಿ, ಅಷ್ಟೇ.

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಹತ್ತಲು ಎಲ್ಲರೂ ತಯಾರಾಗುತ್ತಾರೆ, ಇಳಿಯಲು ಯಾರೂ ಆಗುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಹಿಡಿದೇ ಇದ್ದರೆ ಅದು ಕಾದು ಹಿಡಿತ ಕುಂದುತ್ತದೆ. ಬಿಟ್ಟು ಬಿಟ್ಟು ಹಿಡಿಯಿರಿ, ತಿರುವಿಗೆ ಮೊದಲೇ ವೇಗ ತಗ್ಗಿಸಿ. ಸುತ್ತಲಿನ ಮಣ್ಣುದಾರಿಗೆ ಟೈರಿನ ಗಾಳಿ ತುಸು ಕಡಿಮೆಯಿರಲಿ, ಡಾಂಬರಿಗೆ ಬಿಗಿಯಾಗಿರಲಿ. ಭಾನುವಾರ ಬೆಂಗಳೂರಿನ ಕಾರುಗಳ ಸಾಲು. ಪುರುಸೊತ್ತಿದ್ದರೆ ವಾರದ ನಡುವೆ ಹೋಗಿ. ಬುತ್ತಿಚೀಲದ ಜಿಪ್ ಭದ್ರವಾಗಿ ಎಳೆದುಕೊಳ್ಳಿ. ನಮ್ಮ ಯೋಜನೆಯೆಲ್ಲ ಅಲ್ಲಿನ ಕೋತಿಗಳಿಗೆ ಮೊದಲೇ ಗೊತ್ತಿರುತ್ತದೆ!